ಯಾವ ಡಿಗ್ರಿಗೆ ಎಷ್ಟು ಬೆಲೆ?

ಸಿಇಟಿ ಸೀಟು ಹಂಚಿಕೆಯ ದಿನಗಳು ಬಂದವೆಂದರೆ ರಾಜ್ಯದ ಮನೆಮನೆಯಲ್ಲೂ ಒಂದೇ ಚರ್ಚೆ. ಕಂಪ್ಯೂಟರ್ ಸೈನ್ಸ್‌ ಸಿಕ್ಕರೆ ಹಬ್ಬ, ಬಿ.ಎ. ಎಂದರೆ ಮೌನ. ಡಿಗ್ರಿಗಳಲ್ಲಿ ಮೇಲು ಕೀಳು ನಿಜಕ್ಕೂ ಇದೆಯೇ? ಇದ್ದರೆ ಅದನ್ನು ಮಾಡಿದವರು ಯಾರು?

ಬಸ್‌ ನಿಲ್ದಾಣದ ಎದುರಿನ ಸೈಬರ್‌ ಸೆಂಟರಿನಲ್ಲಿ ಇರುವುದು ಮೂರೇ ಕಂಪ್ಯೂಟರು, ಕಾಯುತ್ತಿರುವವರು ಹತ್ತಕ್ಕೂ ಮೇಲೆ. ಹೊರಗೆ ಜಿಟಿಜಿಟಿ ಮಳೆ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್‌ ಕವರಿನೊಳಗೆ ಜೋಪಾನವಾಗಿಟ್ಟ ಮಾರ್ಕ್ಸ್‌ಕಾರ್ಡು, ಜಾತಿ–ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ. ಸಿಇಟಿ ಆಪ್ಷನ್‌ ಎಂಟ್ರಿಗೆ ಅವತ್ತೇ ಕೊನೆ.

ಮೂಲೆಯ ಕಂಪ್ಯೂಟರಿನ ಮುಂದೆ ಒಬ್ಬ ಹುಡುಗ, ಪಕ್ಕದಲ್ಲಿ ಅವನ ಅಪ್ಪ. ಬೆಂಗಳೂರಿನ ಸೋದರಮಾವ ಫೋನಿನ ಸ್ಪೀಕರಿನಲ್ಲಿ.

‘ಮೊದ್ಲು ಎಲ್ಲಾ ಕಾಲೇಜಿನ ಸಿಎಸ್‌ ಹಾಕ್ಬಿಡು. ಆಮೇಲೆ ಐಎಸ್‌, ಎಐ. ಅವೆಲ್ಲ ಮುಗಿದ್ಮೇಲೆ ಇಸಿ.’

‘ಮಾವ, ನಂಗೆ ಸಿವಿಲ್‌ ಇಷ್ಟ...’

‘ಸಿವಿಲ್‌ ಓದಿ ಏನ್‌ ಮಾಡ್ತೀಯೋ? ಸುಮ್ನೆ ಹೇಳ್ದಂಗೆ ಮಾಡು.’

ಅಪ್ಪ ಮಾತಾಡಲಿಲ್ಲ. ಸೆಂಟರಿನ ಹುಡುಗಿ ಒಂದೊಂದೇ ಕಾಲೇಜಿನ ಕೋಡ್‌ ಹುಡುಕಿ ಒತ್ತುತ್ತಾ ಹೋದಳು. ಪಟ್ಟಿ ಅರವತ್ತು ದಾಟಿದರೂ ಸಿವಿಲ್‌ನ ಸರದಿ ಬಂದಿರಲಿಲ್ಲ.

ಇಂಥ ಸಾವಿರಾರು ಪಟ್ಟಿಗಳು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಪ್ರತಿ ವರ್ಷ ಹೋಗಿ ಸೇರುತ್ತವೆ. ಮೊದಲು ಅಣಕು ಹಂಚಿಕೆ, ಆಮೇಲೆ ನಿಜವಾದದ್ದು. ಸೀಟು ಬಂದ ಮೇಲೆ ನಾಲ್ಕು ಚಾಯ್ಸ್‌. ಒಂದು ಒತ್ತಿದರೆ ಸೀಟು ಒಪ್ಪಿ ಕಾಲೇಜು ಸೇರುವುದು, ಎರಡು ಒತ್ತಿದರೆ ಸೀಟು ಕೈಯಲ್ಲಿಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯುವುದು, ಮೂರಾದರೆ ಇದನ್ನು ಬಿಟ್ಟು ಕಾಯುವುದು, ನಾಲ್ಕಾದರೆ ಹೊರಗೆ. ಹದಿನೇಳು ಹದಿನೆಂಟರ ಮಕ್ಕಳು ಮುಂದಿನ ನಲವತ್ತು ವರ್ಷದ ಬದುಕಿನ ಬಗ್ಗೆ ತೆಗೆದುಕೊಳ್ಳುವ ತೀರ್ಮಾನ ಇಷ್ಟು ಬೇಗ ಮುಗಿಯುತ್ತದೆ.

ಸೋದರಮಾವನ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಎಲ್ಲ ಓದೂ ಒಂದೇ, ಯಾವುದಾದರೂ ಆದೀತು ಎನ್ನುವ ಸಮಾಧಾನದ ಮಾತಿನಿಂದ ಸಾಲ ಮಾಡಿ ಓದಿಸುವ ಅಪ್ಪನಿಗೆ ಮೂರು ಕಾಸಿನ ಉಪಯೋಗವಿಲ್ಲ. ಡಿಗ್ರಿಗಳ ನಡುವೆ ವ್ಯತ್ಯಾಸ ಇದೆ, ದೊಡ್ಡದಾಗಿಯೇ ಇದೆ. ಆದರೆ ಆ ವ್ಯತ್ಯಾಸವನ್ನು ನಾವು ಕೋರ್ಸಿನ ಹೆಸರಿನಲ್ಲಿ ಹುಡುಕುತ್ತಿದ್ದೇವೆ. ಅದರ ಬಹುಪಾಲು ಇರುವುದು ಓದುವ ಹುಡುಗ ಹುಡುಗಿಯರಲ್ಲಿ, ಕಲಿಸುವ ಕಾಲೇಜಿನಲ್ಲಿ, ಓದು ಮುಗಿದ ಮೇಲೆ ತೆರೆದುಕೊಳ್ಳುವ ಅಥವಾ ಮುಚ್ಚಿಕೊಳ್ಳುವ ಬಾಗಿಲುಗಳಲ್ಲಿ.

ಬಿ.ಎ. ಕಾಲ, ಬಿ.ಇ. ಕಾಲ

ಎಂಜಿನಿಯರ್‌ ಎಂದೊಡನೆ ಕನ್ನಡಿಗರ ನೆನಪಿಗೆ ಬರುವ ಮೊದಲ ಹೆಸರು ವಿಶ್ವೇಶ್ವರಯ್ಯನವರದು. ಅವರು ಮೊದಲು ಮಾಡಿದ ಡಿಗ್ರಿ ಬಿ.ಎ. ಬೆಂಗಳೂರಿನ ಸೆಂಟ್ರಲ್‌ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿ, ಅನಂತರ ಪುಣೆಗೆ ಹೋಗಿ ಎಂಜಿನಿಯರಿಂಗ್‌ ಕಲಿತರು. ಅವರು ದಿವಾನರಾಗಿದ್ದಾಗಲೇ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಮರುವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್‌ ಕಾಲೇಜು ಶುರುವಾಯಿತು. ಅದೇ ಇವತ್ತಿನ ಯುವಿಸಿಇ.

ಆ ಕಾಲದಲ್ಲಿ ಬಿ.ಎ. ಎಂದರೆ ಊರಿಗೇ ಗೌರವ. ಮನೆಯ ಬಾಗಿಲ ಫಲಕದಲ್ಲಿ, ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ ಆ ಎರಡಕ್ಷರ ತಪ್ಪುತ್ತಿರಲಿಲ್ಲ. ಅಮಲ್ದಾರಿಕೆ, ಮೇಷ್ಟರಿಕೆ, ವಕೀಲಿಕೆ ಎಲ್ಲಕ್ಕೂ ಅದೇ ಮೆಟ್ಟಿಲು. ಬಿ.ಎ. ಓದಿದವರು ಕಡಿಮೆ, ಅವರಿಗಾಗಿ ಕಾದಿದ್ದ ಕುರ್ಚಿಗಳು ಹೆಚ್ಚು. ಡಿಗ್ರಿಯ ಬೆಲೆಗೆ ಮುಖ್ಯ ಕಾರಣ ಅದಾಗಿತ್ತು.

ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ತುಂಗಭದ್ರಾ, ಲಿಂಗನಮಕ್ಕಿಯಂಥ ಅಣೆಕಟ್ಟುಗಳು ಎದ್ದವು. ಸಿವಿಲ್‌ ಎಂಜಿನಿಯರ್‌ಗೆ ಲೋಕೋಪಯೋಗಿ ಇಲಾಖೆ, ನೀರಾವರಿ ಇಲಾಖೆ, ವಿದ್ಯುತ್‌ ಮಂಡಳಿ ಎಲ್ಲವೂ ತೆರೆದ ಮನೆ. ಅದರ ಹಿಂದೆಯೇ ಮೈಸೂರು, ಹುಬ್ಬಳ್ಳಿ, ದಾವಣಗೆರೆ, ಕಲಬುರಗಿ, ಹಾಸನ, ಮಂಡ್ಯ, ಸುರತ್ಕಲ್‌ಗಳಲ್ಲಿ ಎಂಜಿನಿಯರಿಂಗ್‌ ಕಾಲೇಜುಗಳು ಬಂದವು. ಎಂಬತ್ತರ ದಶಕದಲ್ಲಿ ಎಲೆಕ್ಟ್ರಾನಿಕ್ಸ್‌ಗೆ ಮರ್ಯಾದೆ, ತೊಂಬತ್ತರ ನಂತರ ಕಂಪ್ಯೂಟರ್‌ ಸೈನ್ಸ್‌ಗೆ.

ನಡುವೆ ಬಂದು ಹೋದ ಎರಡು ಅಲೆಗಳನ್ನು ಮರೆಯಬಾರದು. ಒಂದು ಟಿಸಿಎಚ್‌ ಎಂಬ ಶಿಕ್ಷಕರ ತರಬೇತಿ, ಆಮೇಲೆ ಅದೇ ಡಿ.ಇಡಿ. ಪ್ರಾಥಮಿಕ ಶಾಲೆಗಳಿಗೆ ಸರ್ಕಾರ ಸಾಲುಸಾಲಾಗಿ ಶಿಕ್ಷಕರನ್ನು ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ಟಿಸಿಎಚ್‌ ಸೀಟು ಸಿಕ್ಕಿತೆಂದರೆ ಹಳ್ಳಿಯಲ್ಲಿ ಸಿಹಿ ಹಂಚುತ್ತಿದ್ದರು. ಡಿಗ್ರಿ ಓದಲು ಅಂಕವಿದ್ದ ಜಾಣ ಮಕ್ಕಳೂ ಅದನ್ನೇ ಹಿಡಿದರು. ಊರೂರಲ್ಲಿ ಡಿ.ಇಡಿ ಕಾಲೇಜು ಎದ್ದವು. ನೇಮಕಾತಿ ನಿಧಾನವಾಯಿತು, ಶಿಕ್ಷಕರ ಅರ್ಹತಾ ಪರೀಕ್ಷೆ ಬಂತು, ಆರನೇ ತರಗತಿಯಿಂದ ಮೇಲೆ ಪದವೀಧರರೇ ಬೇಕೆಂದಾಯಿತು. ಒಂದೊಂದೇ ಕಾಲೇಜು ಬಾಗಿಲು ಹಾಕಿತು. ಅಲ್ಲಿ ಕಲಿಸುತ್ತಿದ್ದ ಪಾಠ ಕೆಟ್ಟದ್ದಾಗಿರಲಿಲ್ಲ. ಕೊನೆಯಲ್ಲಿ ಕಾದಿದ್ದ ಕುರ್ಚಿ ಇಲ್ಲವಾಯಿತು, ಅಷ್ಟೇ.

ಇನ್ನೊಂದು ಜೈವಿಕ ತಂತ್ರಜ್ಞಾನ. 2001ರಲ್ಲಿ ರಾಜ್ಯ ಸರ್ಕಾರ ಜೈವಿಕ ತಂತ್ರಜ್ಞಾನ ನೀತಿ ಪ್ರಕಟಿಸಿತು. ಐಟಿ ಆಯಿತು, ಇನ್ನು ಬಿಟಿ ಎಂಬ ಮಾತು ಎಲ್ಲರ ಬಾಯಲ್ಲಿ. ಬಿ.ಇ.ಯಲ್ಲೂ ಬಿ.ಎಸ್ಸಿ.ಯಲ್ಲೂ ಬಯೋಟೆಕ್‌ ವಿಭಾಗ ತೆರೆಯಲು ಕಾಲೇಜುಗಳು ಪೈಪೋಟಿಗೆ ಬಿದ್ದವು. ಆ ಉದ್ಯಮಕ್ಕೆ ಬೇಕಾದವರು ಪಿಎಚ್‌.ಡಿ. ಮಾಡಿದ ಕೆಲವೇ ಮಂದಿ. ಬಿ.ಇ. ಬಯೋಟೆಕ್‌ ಮುಗಿಸಿದ ಎಷ್ಟೋ ಮಕ್ಕಳು ಕೊನೆಗೆ ಸಾಫ್ಟ್‌ವೇರ್‌ ಕಂಪನಿಗಳಲ್ಲೇ ಟೆಸ್ಟಿಂಗ್‌ ಕೆಲಸಕ್ಕೆ ಸೇರಿದರು.

> ಅವರು ಓದಿದ್ದೇನು?
>
> ಎನ್‌.ಆರ್‌. ನಾರಾಯಣಮೂರ್ತಿ ಮೈಸೂರಿನ ಎನ್‌ಐಇಯಲ್ಲಿ ಓದಿದ್ದು ಎಲೆಕ್ಟ್ರಿಕಲ್‌ ಎಂಜಿನಿಯರಿಂಗ್‌ (1967). ನಂದನ್‌ ನಿಲೇಕಣಿ ಐಐಟಿ ಬಾಂಬೆಯಲ್ಲಿ ಓದಿದ್ದೂ ಎಲೆಕ್ಟ್ರಿಕಲ್ಲೇ.
>
> ಭಾರತರತ್ನ ಸಿ.ಎನ್‌.ಆರ್‌. ರಾವ್‌ 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವೀಧರರು. ಇಸ್ರೊ ಅಧ್ಯಕ್ಷರಾಗಿದ್ದ ಎ.ಎಸ್‌. ಕಿರಣ್‌ ಕುಮಾರ್‌ ಬೆಂಗಳೂರಿನ ನ್ಯಾಷನಲ್‌ ಕಾಲೇಜಿನಲ್ಲಿ ಓದಿದ್ದು ಭೌತವಿಜ್ಞಾನ. ಸಮಾಜಶಾಸ್ತ್ರಜ್ಞ ಎಂ.ಎನ್‌. ಶ್ರೀನಿವಾಸ್‌ ಮೈಸೂರಿನ ಮಹಾರಾಜ ಕಾಲೇಜಿನ ವಿದ್ಯಾರ್ಥಿ.
>
> ಡಿ.ವಿ.ಜಿ. ಮೆಟ್ರಿಕ್ಯುಲೇಷನ್‌ ದಾಟಲಿಲ್ಲ. ಶಿವರಾಮ ಕಾರಂತರು ಅಸಹಕಾರ ಚಳವಳಿಗೆ ಓಗೊಟ್ಟು ಕಾಲೇಜು ಬಿಟ್ಟವರು. ಇಬ್ಬರಿಗೂ ಗೌರವ ಡಾಕ್ಟರೇಟ್‌ ಕೊಟ್ಟು ವಿಶ್ವವಿದ್ಯಾಲಯಗಳು ಧನ್ಯವಾದವು.

ಇಂಥ ದೊಡ್ಡ ಹೆಸರುಗಳನ್ನು ತೋರಿಸಿ ‘ನೋಡಿ, ಯಾವುದನ್ನು ಓದಿದರೂ ಸಾಧಿಸಬಹುದು’ ಎಂದು ಮಕ್ಕಳಿಗೆ ಹೇಳುವುದು ಸರಿಯಲ್ಲ. ಅವರು ಸಾವಿರಕ್ಕೆ ಒಬ್ಬರು. ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಂದಿಗೆ ಏನಾಯಿತು ಎಂಬುದೇ ಪೋಷಕರಿಗೆ ಬೇಕಾದ ಉತ್ತರ.

ನಾರ್ವೆಯ ಸಿಇಟಿ

ಆ ಉತ್ತರ ಹುಡುಕುವುದು ಯಾಕೆ ಕಷ್ಟ? ಸಿಎಸ್‌ ಓದಿದವರ ಸಂಬಳವನ್ನೂ ಸಿವಿಲ್‌ ಓದಿದವರ ಸಂಬಳವನ್ನೂ ಪಕ್ಕಪಕ್ಕ ಇಟ್ಟರೆ ಸಾಲದು. ಒಳ್ಳೆಯ ರ‍್ಯಾಂಕ್‌ ಬಂದವರೆಲ್ಲ ಸಿಎಸ್‌ಗೇ ಹೋಗುತ್ತಿದ್ದರೆ, ಆಮೇಲೆ ಅವರಿಗೆ ಹೆಚ್ಚು ಸಂಬಳ ಬಂದದ್ದು ಕೋರ್ಸಿನಿಂದಲೋ, ಅವರು ಮೊದಲೇ ಓದಿನಲ್ಲಿ ಮುಂದಿದ್ದದ್ದರಿಂದಲೋ ಹೇಳುವುದು ಹೇಗೆ?

ನಾರ್ವೆಯಲ್ಲಿ ಇದಕ್ಕೆ ಒಂದು ದಾರಿ ಸಿಕ್ಕಿತು. ಅಲ್ಲಿಯೂ ನಮ್ಮ ಸಿಇಟಿಯಂತೆಯೇ ಒಂದೇ ಕಡೆಯಿಂದ ಸೀಟು ಹಂಚಿಕೆ. ವಿದ್ಯಾರ್ಥಿಗಳು ಕೋರ್ಸು, ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡುತ್ತಾರೆ, ಅಂಕ ನೋಡಿ ಸೀಟು ಬರುತ್ತದೆ. ಕಿರ್ಕೆಬೋಯೆನ್‌, ಲೆವೆನ್‌, ಮೊಗ್‌ಸ್ಟಾಡ್‌ ಎಂಬ ಮೂವರು ಅರ್ಥಶಾಸ್ತ್ರಜ್ಞರು ಕಟ್‌ಆಫ್‌ ಗೆರೆಯ ಆಚೀಚೆ ನಿಂತವರನ್ನು ಹಿಡಿದರು. ಕೂದಲೆಳೆಯ ಅಂತರದಲ್ಲಿ ಒಬ್ಬರಿಗೆ ಬಯಸಿದ ವಿಷಯ ಸಿಕ್ಕಿದೆ, ಇನ್ನೊಬ್ಬರಿಗೆ ತಪ್ಪಿದೆ. ಬುದ್ಧಿಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ. ವರ್ಷಗಳ ನಂತರ ಅವರ ಗಳಿಕೆ ಹೇಗಿದೆ ಎಂದು ನೋಡಿದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದ ಮಾತು ಎರಡು.

ಒಂದು, ಯಾವ ವಿಷಯ ಓದಿದಿರಿ ಎಂಬುದು ಗಳಿಕೆಯಲ್ಲಿ ಭಾರಿ ವ್ಯತ್ಯಾಸ ಮಾಡುತ್ತದೆ. ಕಾಲೇಜಿನ ಹೆಸರಿಗಿಂತ ವಿಷಯದ ಪ್ರಭಾವವೇ ಹೆಚ್ಚು. ಇಲ್ಲಿಯವರೆಗೆ ಸೋದರಮಾವನ ಮಾತೇ ಗೆದ್ದಿತು.

ಎರಡನೆಯದು ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು. ಒಂದು ವಿಷಯದಿಂದ ಬರುವ ಲಾಭ ಎಲ್ಲರಿಗೂ ಒಂದೇ ಅಲ್ಲ. ವಿದ್ಯಾರ್ಥಿಗಳು ಒಟ್ಟಾರೆ ತಮಗೆ ಒಗ್ಗುವ ವಿಷಯವನ್ನೇ ಆರಿಸಿಕೊಂಡಿದ್ದರು, ಅದರಲ್ಲೇ ಅವರಿಗೆ ಹೆಚ್ಚು ಗಳಿಕೆ ಇತ್ತು. ಹಾಗಾದರೆ ‘ಸಿಎಸ್‌ಗೆ ಇಷ್ಟು ಸಂಬಳ’ ಎಂಬ ಲೆಕ್ಕ ಸಿಎಸ್‌ ಬಯಸಿ ಹೋದವರ ಲೆಕ್ಕ. ಅಪ್ಪನ ಮುಖ ನೋಡಿ ಹೋದವನಿಗೂ ಅಷ್ಟೇ ಬರುತ್ತದೆ ಎನ್ನಲು ಆಧಾರವಿಲ್ಲ.

ನಾರ್ವೆಯ ಮಾತನ್ನು ಹಾಗೆಯೇ ತಂದು ಇಲ್ಲಿಗೆ ಅಂಟಿಸುವಂತಿಲ್ಲ. ಅಲ್ಲಿ ಕಾಲೇಜು ಕಾಲೇಜಿನ ನಡುವೆ ಅಂಥ ಅಂತರವಿಲ್ಲ. ನಮ್ಮಲ್ಲಿ ಒಂದೇ ಹೆಸರಿನ ಕೋರ್ಸು ಒಂದು ಕಾಲೇಜಿನಲ್ಲಿ ಒಂದು ಥರ, ಐವತ್ತು ಕಿಲೋಮೀಟರ್‌ ಆಚೆಯ ಕಾಲೇಜಿನಲ್ಲಿ ಬೇರೆಯೇ ಥರ.

ಮೊದಲ ಹತ್ತು ವರ್ಷದ ಮೇಲುಗೈ

ಅಮೆರಿಕದ ಡೇವಿಡ್‌ ಡೆಮಿಂಗ್‌ ಮತ್ತು ಕದೀಮ್‌ ನೊರೆ ಎಂಬವರ ಅಧ್ಯಯನ 2020ರಲ್ಲಿ ಬಂತು. ಕಂಪ್ಯೂಟರ್‌ ಸೈನ್ಸ್‌, ಎಂಜಿನಿಯರಿಂಗ್‌ ಓದಿದವರಿಗೆ ಆರಂಭದಲ್ಲಿ ದೊಡ್ಡ ಸಂಬಳ ಬರುತ್ತದೆ, ನಿಜ. ಆದರೆ ಉಳಿದವರಿಗಿಂತ ಹೆಚ್ಚು ಬರುತ್ತಿದ್ದ ಆ ಪಾಲು ಕೆಲಸಕ್ಕೆ ಸೇರಿದ ಮೊದಲ ಹತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ ಎಂದು ಅವರು ಕಂಡುಕೊಂಡರು. ಕಾರಣ ಸರಳ. ಆ ಕೆಲಸಗಳಲ್ಲಿ ಬೇಕಾದ ಕೌಶಲ ಬೇಗ ಬದಲಾಗುತ್ತದೆ. ಕಾಲೇಜಿನಲ್ಲಿ ಕಲಿತದ್ದು ಹಳೆಯದಾಗುತ್ತದೆ, ಹೊಸದನ್ನು ಕಲಿತ ಹೊಸಬರು ಕಡಿಮೆ ಸಂಬಳಕ್ಕೆ ಸಿಗುತ್ತಾರೆ.

ಬೆಂಗಳೂರಿನಲ್ಲಿ ಕೆಲಸ ಮಾಡುವವರಿಗೆ ಇದನ್ನು ಅಮೆರಿಕದಿಂದ ತಂದು ಹೇಳಬೇಕಾಗಿಲ್ಲ. 2023–24ರ ಒಂದೇ ಹಣಕಾಸು ವರ್ಷದಲ್ಲಿ ಟಿಸಿಎಸ್‌ ಸಿಬ್ಬಂದಿ ಸಂಖ್ಯೆ 13,249, ಇನ್ಫೊಸಿಸ್‌ನಲ್ಲಿ 25,994, ವಿಪ್ರೊದಲ್ಲಿ 24,516 ಕಡಿಮೆಯಾಯಿತು. 2025ರ ಜುಲೈನಲ್ಲಿ ಟಿಸಿಎಸ್‌ ಮತ್ತೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕೈಬಿಡುವುದಾಗಿ ಹೇಳಿತು. ದೊಡ್ಡ ಸೇವಾ ಕಂಪನಿಗಳು ಫ್ರೆಷರ್‌ಗೆ ಕೊಡುವ ಸಂಬಳವಂತೂ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಹತ್ತಾರು ವರ್ಷಗಳಿಂದ ನಿಂತಿದೆ. ಈ ಅವಧಿಯಲ್ಲಿ ಮನೆ ಬಾಡಿಗೆ, ಕಾಲೇಜು ಫೀಸು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಎಲ್ಲರಿಗೂ ಗೊತ್ತು.

ಇದರ ನಡುವೆಯೇ 2024–25ರಿಂದ ಒಂದು ವಿಭಾಗಕ್ಕೆ ಇಷ್ಟೇ ಸೀಟು ಎಂಬ ಗರಿಷ್ಠ ಮಿತಿಯನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಸಡಿಲಿಸಿತು. ಕಾಲೇಜುಗಳು ಕಂಪ್ಯೂಟರ್‌ ಸೀಟು ಏರಿಸಿದವು. ಮೆಕ್ಯಾನಿಕಲ್‌, ಸಿವಿಲ್‌ ಬೆಂಚುಗಳು ಖಾಲಿ. ಮೆಟ್ರೊ, ಸುರಂಗ, ರಾಜಕಾಲುವೆ, ಕುಡಿಯುವ ನೀರು ಅನ್ನುತ್ತಲೇ ಇರುವ ನಗರವೊಂದು ಸಿವಿಲ್‌ ಓದುವ ಮಕ್ಕಳನ್ನು ಹೆದರಿಸಿ ಓಡಿಸುತ್ತಿದೆ. ಇವತ್ತು ಎಲ್ಲರೂ ಬಿಟ್ಟ ವಿಭಾಗದಲ್ಲಿ ನಾಲ್ಕು ವರ್ಷದ ನಂತರ ಪೈಪೋಟಿ ಕಡಿಮೆ ಇರುತ್ತದೆ ಎಂಬ ಸಾಮಾನ್ಯ ಲೆಕ್ಕವನ್ನೂ ಸೈಬರ್‌ ಸೆಂಟರಿನಲ್ಲಿ ಯಾರೂ ಹಾಕುವುದಿಲ್ಲ.

> ಫ್ಲೆಕ್ಸ್‌ ನೋಡಿ ಮರುಳಾಗದಿರಿ
>
> ಕಾಲೇಜಿನ ಗೇಟಿನ ಮೇಲೆ, ಬಸ್ಸಿನ ಬೆನ್ನಿನ ಮೇಲೆ ರಾರಾಜಿಸುವುದು ‘ಅತ್ಯಧಿಕ ಪ್ಯಾಕೇಜ್‌’. ಅದು ಒಬ್ಬ ವಿದ್ಯಾರ್ಥಿಯ ಸಂಬಳ. ‘ಸರಾಸರಿ’ಯೂ ಅಂಥ ಒಂದಿಬ್ಬರಿಂದ ಉಬ್ಬಿರುತ್ತದೆ.
>
> ಕೇಳಬೇಕಾದದ್ದು ಮಧ್ಯಮ ಸಂಬಳ. ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಂತವರಿಗೆ ಎಷ್ಟು ಎಂಬುದು. ರಾಷ್ಟ್ರೀಯ ರ‍್ಯಾಂಕಿಂಗ್‌ ಚೌಕಟ್ಟಿನಲ್ಲಿ (ಎನ್‌ಐಆರ್‌ಎಫ್‌) ಭಾಗವಹಿಸುವ ಕಾಲೇಜುಗಳು ಇದನ್ನೂ, ಎಷ್ಟು ಮಂದಿ ಪದವಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸವಾಯಿತು, ಎಷ್ಟು ಮಂದಿ ಮುಂದೆ ಓದಲು ಹೋದರು ಎಂಬುದನ್ನೂ ಬರೆದುಕೊಡಬೇಕು. ಕಾಲೇಜಿನ ವೆಬ್‌ಸೈಟಿನಲ್ಲಿ ಆ ಹಾಳೆ ಇರುತ್ತದೆ. ಆಪ್ಷನ್‌ ಎಂಟ್ರಿಗೆ ಮೊದಲು ಅದನ್ನು ತೆರೆದು ನೋಡಿ.

ವಕೀಲಿಕೆಗೆ ಬಂದ ಹೊಸ ಮರ್ಯಾದೆ

ಕೋರ್ಸಿನ ಬೆಲೆ ಬಿದ್ದುಹೋದ ಕಥೆಗಳೇ ಹೆಚ್ಚು. ಎತ್ತಿ ನಿಲ್ಲಿಸಿದ ಕಥೆಯೂ ಒಂದಿದೆ, ಅದು ನಡೆದದ್ದು ಬೆಂಗಳೂರಿನಲ್ಲೇ.

ಎಂಬತ್ತರ ದಶಕದವರೆಗೆ ಕಾನೂನು ಪದವಿಯ ಸ್ಥಿತಿ ಹೇಗಿತ್ತೆಂದು ಆ ಕಾಲದವರನ್ನು ಕೇಳಿ. ಬಿ.ಎ. ಆಯಿತು, ಬಿ.ಕಾಂ. ಆಯಿತು, ಕೆಲಸ ಸಿಗಲಿಲ್ಲ, ಸುಮ್ಮನೆ ಕೂರುವುದೇಕೆ ಎಂದು ಸಂಜೆ ಕಾಲೇಜಿನಲ್ಲಿ ಲಾ ಸೇರುತ್ತಿದ್ದರು. ಹಾಜರಾತಿ ಕೇಳುವವರಿಲ್ಲ, ಪರೀಕ್ಷೆಗೆ ಗೈಡು ಸಾಕು. ಮನೆತನದ ವಕೀಲರ ಮಕ್ಕಳನ್ನು ಬಿಟ್ಟರೆ ಉಳಿದವರಿಗೆ ಅದು ಎರಡನೆಯ ಆಯ್ಕೆಯೂ ಆಗಿರಲಿಲ್ಲ.

ನ್ಯಾಷನಲ್‌ ಲಾ ಸ್ಕೂಲ್‌ ಆಫ್‌ ಇಂಡಿಯಾ ಯೂನಿವರ್ಸಿಟಿ ಬಂದದ್ದು ಈ ಸ್ಥಿತಿಯಲ್ಲಿ. ರಾಜ್ಯ ಶಾಸನದ ಮೂಲಕ ರೂಪುಗೊಂಡು, ಎನ್‌.ಆರ್‌. ಮಾಧವ ಮೆನನ್‌ ಅವರ ನೇತೃತ್ವದಲ್ಲಿ 1988ರಲ್ಲಿ ಮೊದಲ ತಂಡ ಸೇರಿತು. ಪಿಯುಸಿ ಮುಗಿಸಿದ ಮಕ್ಕಳಿಗೆ ನೇರವಾಗಿ ಐದು ವರ್ಷದ ಕೋರ್ಸು. ಹಾಸ್ಟೆಲಿನಲ್ಲೇ ಇದ್ದು ಓದಬೇಕು. ಕಾನೂನಿನ ಜೊತೆ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ. ನೋಟ್ಸ್‌ ಬರೆಸುವುದರ ಬದಲು ತೀರ್ಪುಗಳನ್ನು ಓದಿಕೊಂಡು ಬಂದು ತರಗತಿಯಲ್ಲಿ ವಾದಿಸಬೇಕು. ಅಣಕು ನ್ಯಾಯಾಲಯ, ಸಂಶೋಧನಾ ಪ್ರಬಂಧ.

ಅದೇ ಕಾನೂನು, ಅದೇ ಸಂವಿಧಾನ, ಅದೇ ದಂಡ ಸಂಹಿತೆ. ಕಲಿಸುವ ಬಗೆ ಬದಲಾಯಿತು. ಒಂದೆರಡು ದಶಕದಲ್ಲಿ ದೇಶದ ಬೇರೆ ರಾಜ್ಯಗಳೂ ಅದೇ ಮಾದರಿಯ ಶಾಲೆಗಳನ್ನು ತೆರೆದವು. 2008ರಿಂದ ಅವುಗಳ ಪ್ರವೇಶಕ್ಕೆ ಸಿಎಲ್‌ಎಟಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯೇ ಬಂತು. ಇವತ್ತು ಅದಕ್ಕೂ ಕೋಚಿಂಗ್‌ ಇದೆ. ‘ಲಾ ಓದಿದರೆ ಏನು ಸಿಗುತ್ತದೆ’ ಎಂದು ಕೇಳುತ್ತಿದ್ದ ಮನೆಗಳೇ ಆ ಸೀಟಿಗೆ ಹರಕೆ ಹೊರುತ್ತವೆ. ಒಂದು ಡಿಗ್ರಿಯ ಬೆಲೆ ಅದರ ವಿಷಯದಲ್ಲಿ ಹುಟ್ಟುವುದಿಲ್ಲ, ಕಟ್ಟಿದರೆ ಕಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಬಿ.ಎಸ್ಸಿ. ಕಥೆ ಇದರ ಇನ್ನೊಂದು ಮುಖ. 2011ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ನಾಲ್ಕು ವರ್ಷದ ವಿಜ್ಞಾನ ಪದವಿ ಆರಂಭಿಸಿದಾಗ ದೇಶದ ಮೂಲೆಮೂಲೆಯ ಪ್ರತಿಭಾವಂತ ಮಕ್ಕಳು ಅದಕ್ಕೆ ಪೈಪೋಟಿ ನಡೆಸಿದರು. ಅದೇ ಭೌತವಿಜ್ಞಾನ, ಅದೇ ರಸಾಯನವಿಜ್ಞಾನಕ್ಕೆ ತಾಲ್ಲೂಕಿನ ಕಾಲೇಜಿನಲ್ಲಿ ಹುಡುಕಿದರೂ ವಿದ್ಯಾರ್ಥಿಗಳಿಲ್ಲ. ಅಲ್ಲಿಯ ಪ್ರಯೋಗಾಲಯಕ್ಕೆ ಹೋದವರಿಗೆ ಕಾರಣ ಗೊತ್ತಾಗುತ್ತದೆ. ಇರುವ ಒಂದೆರಡು ಉಪಕರಣಗಳ ಸುತ್ತ ಹತ್ತು ಮಕ್ಕಳು, ಒಬ್ಬರು ರೀಡಿಂಗ್‌ ತೆಗೆದರೆ ಉಳಿದವರು ರೆಕಾರ್ಡಿಗೆ ಇಳಿಸಿಕೊಳ್ಳುತ್ತಾರೆ.

ಕೃಷಿ ಬಿ.ಎಸ್ಸಿ.ಯ ಬಗ್ಗೆ ಒಂದು ಮಾತು ಹೇಳಲೇಬೇಕು. ರೈತರ ಮಕ್ಕಳ ಕೋಟಾದಲ್ಲಿ ಸೀಟು ಬೇಕೆಂದರೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಮೇಜಿನ ಮೇಲೆ ಬೀಜ, ಗೊಬ್ಬರ, ಕೀಟ ತಿಂದ ಎಲೆ, ಬೇಸಾಯದ ಉಪಕರಣಗಳನ್ನು ಜೋಡಿಸಿಟ್ಟಿರುತ್ತಾರೆ. ನೋಡಿ ಗುರುತಿಸಿ ಬರೆಯಬೇಕು. ನವಣೆಗೂ ಸಾಮೆಗೂ ವ್ಯತ್ಯಾಸ ಗೊತ್ತಿರುವ ಹುಡುಗಿಗೆ ಅವಳ ಹೊಲದಲ್ಲಿ ಕಲಿತದ್ದಕ್ಕೆ ಅಂಕ ಸಿಗುವ ಅಪರೂಪದ ಜಾಗ ಅದು. ಓದಿನ ಕೊನೆಯ ವರ್ಷ ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡಬೇಕು. ಮುಂದೆ ಕೃಷಿ ಅಧಿಕಾರಿ ಹುದ್ದೆ, ಬ್ಯಾಂಕು, ಬೀಜದ ಕಂಪನಿ, ಅರಣ್ಯ ಸೇವೆ ಎಲ್ಲಕ್ಕೂ ದಾರಿ ಇದೆ. ಈ ಪದವಿಗೆ ಬೇಡಿಕೆ ಇರುವುದು ಸುಮ್ಮನೆ ಅಲ್ಲ.

ಬಿ.ಎ. ಓದುವವರು ಯಾರು?

ಟಿ.ವಿ.ಯ ಚರ್ಚೆಗಳಲ್ಲಿ, ಪತ್ರಿಕೆಗಳ ಶಿಕ್ಷಣ ಪುಟಗಳಲ್ಲಿ ಎಂಜಿನಿಯರಿಂಗ್‌ ಎಂಜಿನಿಯರಿಂಗ್‌ ಎಂದೇ ಮಾತು. ಆದರೆ 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಪದವಿ ವಿದ್ಯಾರ್ಥಿಗಳಲ್ಲಿ ಎಂಜಿನಿಯರಿಂಗ್‌ ಓದುತ್ತಿದ್ದವರು ಶೇ 11.8. ಕಲಾ ವಿಭಾಗದಲ್ಲಿ ಶೇ 34.2. ಮೂವರಲ್ಲಿ ಒಬ್ಬರು ಬಿ.ಎ. ಓದುತ್ತಿದ್ದಾರೆ. ಅವರ ಬಗ್ಗೆ ನಾವು ಮಾತಾಡುವುದು ಎಷ್ಟು?

ನಮ್ಮ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಾನೂರಕ್ಕೂ ಹೆಚ್ಚು. ಯಾವುದಾದರೂ ತಾಲ್ಲೂಕು ಕೇಂದ್ರದ ಕಾಲೇಜಿಗೆ ಬೆಳಿಗ್ಗೆ ಹತ್ತಕ್ಕೆ ಹೋಗಿ ನಿಂತು ನೋಡಿ. ಸುತ್ತಲಿನ ಹಳ್ಳಿಗಳಿಂದ ಕೆಂಪು ಬಸ್ಸುಗಳು ಬಂದು ನಿಲ್ಲುತ್ತವೆ. ಇಳಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. 2023ರ ಜೂನ್‌ನಲ್ಲಿ ಮಹಿಳೆಯರ ಉಚಿತ ಬಸ್‌ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಬಸ್‌ ಪಾಸಿನ ದುಡ್ಡಿಗಾಗಿ ಮನೆಯಲ್ಲಿ ಮಾತು ಕೇಳಬೇಕಾಗಿಲ್ಲ. ಮನೆಯವರ ಪಾಲಿಗೆ ‘ಹುಡುಗಿ ಓದ್ತಾ ಇದಾಳೆ’ ಎಂಬುದು ಗಂಡಿನ ಕಡೆಯವರಿಗೆ ಕೊಡಬಹುದಾದ ಗೌರವದ ಉತ್ತರ. ಹದಿನೆಂಟಕ್ಕೆ ಆಗಿಬಿಡಬಹುದಾಗಿದ್ದ ಮದುವೆ ಇಪ್ಪತ್ತೊಂದಕ್ಕೆ ಹೋಗುತ್ತದೆ. ಮೂರು ವರ್ಷ ಊರಾಚೆಯ ಗೆಳತಿಯರು, ಗ್ರಂಥಾಲಯ, ಎನ್‌ಎಸ್‌ಎಸ್‌ ಶಿಬಿರ, ವೇದಿಕೆ ಹತ್ತಿ ನಾಲ್ಕು ಮಾತಾಡುವ ಧೈರ್ಯ. ಯಾವ ಪ್ಯಾಕೇಜಿನ ಪಟ್ಟಿಯಲ್ಲೂ ಇದು ಬರುವುದಿಲ್ಲ. ಆ ಹುಡುಗಿಯ ಮಗಳು ಮುಂದೆ ಎಷ್ಟು ಓದುತ್ತಾಳೆ ಎಂಬುದರಲ್ಲಿ ಇದರ ಫಲ ಕಾಣುತ್ತದೆ.

ಅವಳಿಗೆ ಪಾಠ ಮಾಡುವವರು ಯಾರು ಎಂದು ವಿಚಾರಿಸಿದರೆ ಬೇಸರವಾಗುತ್ತದೆ. ಈ ಕಾಲೇಜುಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರಿಂದ. ಎಂ.ಎ. ಮಾಡಿ, ಎಷ್ಟೋ ಜನ ಪಿಎಚ್‌.ಡಿ.ಯನ್ನೂ ಮುಗಿಸಿ, ಪ್ರತಿ ವರ್ಷ ಮತ್ತೆ ಕೌನ್ಸೆಲಿಂಗ್‌ಗೆ ನಿಲ್ಲುವವರು. 2023ರ ಕೊನೆಯಲ್ಲಿ ಅವರು ಸೇವೆ ಕಾಯಂ ಮಾಡಿ ಎಂದು ತರಗತಿ ಬಹಿಷ್ಕರಿಸಿ ವಾರಗಟ್ಟಲೆ ಬೀದಿಯಲ್ಲಿ ಕುಳಿತರು. ಗೌರವಧನ ಒಂದಷ್ಟು ಏರಿತು, ಕೆಲಸ ಕಾಯಂ ಆಗಲಿಲ್ಲ. ಅರ್ಥಶಾಸ್ತ್ರದ ಮೇಷ್ಟರೇ ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಗೊತ್ತಿಲ್ಲದ ಕಡೆ ಅರ್ಥಶಾಸ್ತ್ರದ ಡಿಗ್ರಿಗೆ ಬೆಲೆ ಬರುವುದು ಹೇಗೆ? ಬಿ.ಎ.ಗೆ ಬೆಲೆಯಿಲ್ಲ ಎಂದು ಹೇಳಿ ಹಣ ಕೊಡಲಿಲ್ಲ, ಹಣ ಕೊಡದೆ ಬೆಲೆಯಿಲ್ಲದಂತೆ ಮಾಡಿದೆವು.

ಕೋರ್ಸಿನ ಸ್ವರೂಪವನ್ನೇ ಎತ್ತಿ ಇಳಿಸಿದ್ದೂ ಇದೇ ಮಕ್ಕಳ ಮೇಲೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಎಂದರು. 2024ರಲ್ಲಿ ಮತ್ತೆ ಮೂರು ವರ್ಷ ಎಂದರು. ಪಠ್ಯ ಬದಲಾಯಿತು, ವಿಷಯ ಸಂಯೋಜನೆ ಬದಲಾಯಿತು. ಎಂಬಿಬಿಎಸ್‌ ಅಥವಾ ಬಿ.ಇ.ಯನ್ನು ಹೀಗೆ ಮೂರೇ ವರ್ಷದಲ್ಲಿ ಎರಡು ಸಲ ಅಲುಗಾಡಿಸಿದ್ದರೆ ರಾಜ್ಯ ಸುಮ್ಮನಿರುತ್ತಿತ್ತೇ?

> ಎಲ್ಲ ಡಿಗ್ರಿಗೂ ಮೂರು ಸಾವಿರ
>
> ಡಿಗ್ರಿ ಯಾವುದೆಂದು ಕೇಳದೆ ಒಂದೇ ಬೆಲೆ ಕಟ್ಟುವ ಯೋಜನೆ ಒಂದಿದೆ. ಯುವನಿಧಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಇದರಲ್ಲಿ, ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾ ಮುಗಿಸಿದವರಿಗೆ ₹1,500. ಗರಿಷ್ಠ ಎರಡು ವರ್ಷ.
>
> ಇಂಥ ಯೋಜನೆ ಬೇಕಾಗಿ ಬಂದದ್ದೇಕೆ? 2022–23ರ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ದೇಶದ ಪದವೀಧರರಲ್ಲಿ ನಿರುದ್ಯೋಗ ಶೇ 13.4. ಓದು ಬಾರದವರಲ್ಲಿ ಇದು ತೀರಾ ಕಡಿಮೆ. ಅವರಿಗೆ ಕೆಲಸವಿಲ್ಲದೆ ಕಾಯುವ ಅನುಕೂಲವಿಲ್ಲ.

ಸಪ್ತಾಪುರದ ಸಾಲು

ಬಿ.ಎ. ಮುಗಿಸಿದ ಮಕ್ಕಳನ್ನು ನೋಡಬೇಕೆಂದರೆ ಧಾರವಾಡದ ಸಪ್ತಾಪುರಕ್ಕೆ, ಬೆಂಗಳೂರಿನ ವಿಜಯನಗರಕ್ಕೆ ಹೋಗಬೇಕು. ಕೆಎಎಸ್‌, ಪಿಎಸ್‌ಐ, ಪಿಡಿಒ, ಎಫ್‌ಡಿಎ ಕೋಚಿಂಗ್‌ ಬೋರ್ಡುಗಳ ಕಾಡು. ಈ ಹುದ್ದೆಗಳಿಗೆ ‘ಯಾವುದೇ ಪದವಿ’ ಸಾಕು. ತಿಂಗಳ ಬಾಡಿಗೆಯ ವಾಚನಾಲಯ, ನಾಲ್ವರು ಸೇರಿ ಹಿಡಿದ ರೂಮು, ಮೆಸ್ಸಿನ ರೊಟ್ಟಿ. ಊರಿನಿಂದ ಅಪ್ಪ ದುಡ್ಡು ಕಳಿಸುವುದು ತಡವಾದರೆ ಗೆಳೆಯನ ಬಳಿ ಕೈಗಡ.

ಬಿ.ಎ. ಪದವಿಗೆ ಕರ್ನಾಟಕದಲ್ಲಿ ಇರುವ ಬಹುದೊಡ್ಡ ಮಾರುಕಟ್ಟೆ ಸರ್ಕಾರವೇ. ಹಾಗಾಗಿ ನೇಮಕಾತಿಯ ಪ್ರತಿ ವಿಳಂಬ, ಪ್ರತಿ ಹಗರಣ ಆ ಡಿಗ್ರಿಯ ಬೆಲೆಯನ್ನು ನೇರವಾಗಿ ಇಳಿಸುತ್ತದೆ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್‌ನಲ್ಲಿ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರ ಎರಡು ವರ್ಷಕ್ಕೂ ಹೆಚ್ಚಿನ ಬದುಕು ಹೋಯಿತು. ವಯೋಮಿತಿ ಹತ್ತಿರವಾಯಿತು, ಮನೆಯ ಸಾಲ ಬೆಳೆಯಿತು. ಇದನ್ನು ಬಿ.ಎ.ಯ ದೋಷವೆಂದು ಬರೆದಿಡುವುದು ಅನ್ಯಾಯ.

ಬಿ.ಕಾಂ. ಹುಡುಗರ ಪಾಡು ಇಷ್ಟು ಬಿಗಿಯಾಗಿಲ್ಲ. ಆಡಿಟರ್‌ ಕಚೇರಿ, ಜಿಎಸ್‌ಟಿ ಫೈಲಿಂಗ್‌, ಸಹಕಾರ ಸಂಘ, ಬ್ಯಾಂಕು ಅಂತ ಊರಲ್ಲೇ ಏನಾದರೊಂದು ಹಿಡಿಯುತ್ತಾರೆ. ಬಿ.ಎಸ್ಸಿ. ನರ್ಸಿಂಗ್‌ ಮಾಡಿದವರಿಗೆ ಹೊರದೇಶದ ಬಾಗಿಲು ಅಗಲವಾಗುತ್ತಿದೆ.

ಲೆಕ್ಕ ಕೊಡಬೇಕಾದವರು

ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳ ಶಿಕ್ಷಣದ ದಾಖಲೆಯನ್ನು ತೆರಿಗೆ ದಾಖಲೆಯ ಜೊತೆ ಕೂಡಿಸಿ ಲೆಕ್ಕ ಹಾಕುತ್ತಾರೆ. 2020ರಲ್ಲಿ ಇನ್‌ಸ್ಟಿಟ್ಯೂಟ್‌ ಫಾರ್‌ ಫಿಸ್ಕಲ್‌ ಸ್ಟಡೀಸ್‌ ಅದನ್ನು ಬಳಸಿ ಪ್ರಕಟಿಸಿದ ವರದಿಯಂತೆ, ಡಿಗ್ರಿಯಿಂದ ಹೆಚ್ಚಿನವರಿಗೆ ಲಾಭವಿದೆ. ಆದರೆ ಐವರಲ್ಲಿ ಒಬ್ಬರಿಗೆ, ದುಡ್ಡಿನ ಮಟ್ಟಿಗೆ, ವಿಶ್ವವಿದ್ಯಾಲಯಕ್ಕೆ ಹೋಗದಿದ್ದರೇ ಚೆನ್ನಾಗಿತ್ತು. ವೈದ್ಯಕೀಯ, ಅರ್ಥಶಾಸ್ತ್ರ, ಕಾನೂನು ಮೇಲಿದ್ದವು. ಚಿತ್ರಕಲೆ, ರಂಗಭೂಮಿಯಂಥ ಕೋರ್ಸುಗಳು ಕೆಳಗೆ. 2023ರಲ್ಲಿ ಪ್ರಧಾನಿ ರಿಷಿ ಸುನಕ್‌ ಇದೇ ಲೆಕ್ಕವನ್ನು ಹಿಡಿದು, ಫಲ ಕೊಡದ ಕೋರ್ಸುಗಳಿಗೆ ಪ್ರವೇಶವನ್ನೇ ಮಿತಿಗೊಳಿಸುವ ಮಾತಾಡಿದರು. ಅದು ಅಪಾಯದ ದಾರಿ. ಲೆಕ್ಕ ಬೇಕಿರುವುದು ಕೋರ್ಸು ಮುಚ್ಚಲಿಕ್ಕಲ್ಲ, ಎಲ್ಲಿ ಮೇಷ್ಟರಿಲ್ಲ, ಎಲ್ಲಿ ಪ್ರಯೋಗಾಲಯವಿಲ್ಲ, ಎಲ್ಲಿಂದ ಹೊರಬಂದವರು ಎಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ತಿಳಿದು ಸರಿಪಡಿಸಲಿಕ್ಕೆ.

ನಮ್ಮ ಪೋಷಕರ ಕೈಯಲ್ಲಿ ಇಂಥ ಯಾವ ಪಟ್ಟಿಯೂ ಇಲ್ಲ. ಅವರಿಗಿರುವುದು ಫ್ಲೆಕ್ಸು ಮತ್ತು ಸೋದರಮಾವ. ಅವನಾದರೂ ಏನು ಮಾಡಿಯಾನು? ತನ್ನ ಸುತ್ತ ಕಂಡದ್ದನ್ನು ಹೇಳುತ್ತಾನೆ.

ಪಟ್ಟಿ ಮಾಡಲು ಬೇಕಾದದ್ದೆಲ್ಲ ಸರ್ಕಾರದ ಹತ್ತಿರವೇ ಇದೆ. ಯಾರಿಗೆ ಯಾವ ಸೀಟು ಸಿಕ್ಕಿತೆಂದು ಪರೀಕ್ಷಾ ಪ್ರಾಧಿಕಾರಕ್ಕೆ ಗೊತ್ತು. ಯಾರು ಯಾವ ಪದವಿ ಮುಗಿಸಿದರೆಂದು ವಿಶ್ವವಿದ್ಯಾಲಯಗಳಿಗೆ ಗೊತ್ತು. ಯುವನಿಧಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕುವಾಗ ಪದವಿ ಪ್ರಮಾಣಪತ್ರವನ್ನು ರಾಷ್ಟ್ರೀಯ ಶೈಕ್ಷಣಿಕ ಭಂಡಾರದಲ್ಲಿ (ಎನ್‌ಎಡಿ) ಪರಿಶೀಲಿಸುತ್ತಾರೆ. ಹಾಗೆಂದರೆ ಆರು ತಿಂಗಳಾದರೂ ಕೆಲಸ ಸಿಗದೆ ಅರ್ಜಿ ಹಾಕಿದವರು ಯಾವ ಕಾಲೇಜಿನವರು, ಯಾವ ಕೋರ್ಸಿನವರು ಎಂಬುದೂ ದಾಖಲೆಯಲ್ಲಿದೆ. ಹೆಸರು ತೆಗೆದು, ಕಾಲೇಜುವಾರು ಕೋರ್ಸುವಾರು ಅಂಕಿಗಳನ್ನು ಮುಂದಿನ ಆಪ್ಷನ್‌ ಎಂಟ್ರಿಗೆ ಮೊದಲು ಪ್ರಕಟಿಸಲು ಹೊಸ ಕಾಯ್ದೆ ಬೇಕಾಗಿಲ್ಲ, ಹೆಚ್ಚು ದುಡ್ಡೂ ಬೇಕಾಗಿಲ್ಲ. ಉನ್ನತ ಶಿಕ್ಷಣ ಇಲಾಖೆಯೂ ಕೌಶಲಾಭಿವೃದ್ಧಿ ಇಲಾಖೆಯೂ ಒಂದು ಮೇಜಿನ ಸುತ್ತ ಕುಳಿತರೆ ಸಾಕು.